ಗುಡಿ ಪಕ್ಕದ ಮನೆ: ಸಂರಕ್ಷಿತ ಸ್ಮಾರಕ ಇರುವ ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಲಾಡಖಾನ ಗುಡಿ ಅಂತ ಒಂದಿದೆ. ಅದು ದೇವರ ಹೆಸರಲ್ಲ, ಒಂದು ಕಾಲದಲ್ಲಿ ಆ ಗುಡಿಯಲ್ಲಿ ವಾಸವಿದ್ದವರ ಹೆಸರು. ಪಕ್ಕದಲ್ಲೇ ಗೌಡರ ಗುಡಿ. ಇನ್ನೊಂದು ಕಡೆ ಅಂಬಿಗೇರ ಗುಡಿ. ಊರಿನ ಜನ ಗುಡಿಗಳ ನಡುವೆ ಬಾಳಿದರು, ಕೆಲವರು ಗುಡಿಯೊಳಗೇ ಬಾಳಿದರು. ಅದಕ್ಕೇ ಆ ಹೆಸರುಗಳು ಉಳಿದಿವೆ. ಇಂಥ ಊರುಗಳಲ್ಲಿ ಇವತ್ತು ಒಂದು ಗೋಡೆ ಎತ್ತಬೇಕೆಂದರೂ ಕಾನೂನು ಕೇಳಬೇಕು.

ನಾನೂ ಮಲಪ್ರಭೆಯ ಈ ಸೀಮೆಯವನೇ. ನೆರೆಹೊರೆಯವರಿಗೆ ಅರ್ಜಿ ಬರೆದುಕೊಡುತ್ತ ಬಂದಿದ್ದೇನೆ. ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರಗಳನ್ನು ಐಹೊಳೆಯ ಕಡೆ ಮುಖ ಮಾಡಿ ಬರೆದಿದ್ದರೂ, ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ ಇರುವ ಯಾವ ಊರಿಗಾದರೂ ಇವು ಹೊಂದುತ್ತವೆ.

ನಮ್ಮೂರ ಗುಡಿ ಸಂರಕ್ಷಿತ ಸ್ಮಾರಕ ಹೌದೋ ಅಲ್ಲವೋ, ತಿಳಿಯೋದು ಹೇಗೆ?

ಮೊದಲು ಗುಡಿಯ ಹತ್ತಿರ ನೀಲಿ ಬೋರ್ಡ್ ಇದೆಯಾ ನೋಡಿ. ಅದರಲ್ಲಿ ಯಾವ ಇಲಾಖೆ, ಯಾವ ಕಾಯ್ದೆ ಅಂತ ಬರೆದಿರುತ್ತದೆ. ಇಲಾಖೆಗಳು ಎರಡು. ಒಂದು ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ನಾವು ಎಎಸ್‌ಐ ಅನ್ನುತ್ತೇವೆ. ಕರ್ನಾಟಕದಲ್ಲಿ ಅದರ ಕೈಯಲ್ಲಿ 500ಕ್ಕೂ ಜಾಸ್ತಿ ಸ್ಮಾರಕಗಳಿವೆ. ಇನ್ನೊಂದು ರಾಜ್ಯದ ಪುರಾತತ್ವ ಇಲಾಖೆ. ಅದು ನೋಡಿಕೊಳ್ಳುವುದು 800ಕ್ಕೂ ಹೆಚ್ಚು ಸ್ಮಾರಕಗಳನ್ನು. ಕೇಂದ್ರದ್ದಕ್ಕೆ 1958ರ ಕಾಯ್ದೆ, ರಾಜ್ಯದ್ದಕ್ಕೆ 1961ರ ಕಾಯ್ದೆ. ಈ ಕೆಳಗೆ ಹೇಳುವ 100 ಮೀಟರ್, 200 ಮೀಟರ್ ಲೆಕ್ಕ ಕೇಂದ್ರದ ಸ್ಮಾರಕಗಳಿಗೆ ಸೇರಿದ್ದು. ಈ ಎರಡು ಇಲಾಖೆಗಳನ್ನೂ ಒಂದೇ ಅಂದುಕೊಂಡು ಓಡಾಡಿದವರ ಎಷ್ಟೋ ದಿನ ಹಾಳಾಗಿವೆ.

ಬೋರ್ಡ್ ಇಲ್ಲದಿದ್ದರೆ ಸಂರಕ್ಷಿತ ಅಲ್ಲ ಅಂತ ತೀರ್ಮಾನಿಸಬೇಡಿ. ಬೋರ್ಡ್ ಬಿದ್ದುಹೋಗಿರಬಹುದು. ಇಲಾಖೆಯಲ್ಲಿ ಪಟ್ಟಿ ಇರುತ್ತದೆ, ಕೇಳಿ.

ಕೆಲವರು 100 ಮೀಟರ್ ಅಂತಾರೆ, ಕೆಲವರು 300 ಅಂತಾರೆ. ಯಾವುದು ಸರಿ?

ಎರಡೂ ಸರಿ. ಸ್ಮಾರಕದ ಗಡಿಯಿಂದ ಸುತ್ತಲೂ ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಎರಡೂ ಸೇರಿದರೆ 300. ಈ ಲೆಕ್ಕ ಮೊದಲು ಬಂದದ್ದು 1992ರ ಜೂನ್ 16ರ ಅಧಿಸೂಚನೆಯಲ್ಲಿ. 2010ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಕಾಯ್ದೆಯೊಳಗೇ ಸೇರಿಸಿದರು. ಆ 1992ರ ತಾರೀಖನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಳತೆ ಹಿಡಿಯೋದು ಎಲ್ಲಿಂದ? ಗುಡಿಯ ಗೋಡೆಯಿಂದಾನಾ?

ಅಲ್ಲ. ಜಾಸ್ತಿ ಜನ ತಪ್ಪುವುದು ಇಲ್ಲೇ. ಅಳತೆ ಶುರುವಾಗುವುದು ಸಂರಕ್ಷಿತ ಜಾಗದ ಗಡಿಯಿಂದ. ಗುಡಿ ಚಿಕ್ಕದಿರಬಹುದು, ಆದರೆ ಅದರ ಸುತ್ತ ಸಂರಕ್ಷಿತ ಅಂತ ಘೋಷಿಸಿದ ಜಾಗ ದೊಡ್ಡದಿರಬಹುದು. ನೀವು ಗರ್ಭಗುಡಿ ಗೋಡೆಯಿಂದ ಹಗ್ಗ ಹಿಡಿದು 110 ಮೀಟರ್ ಬಂತು ಅಂತ ಸಮಾಧಾನ ಪಟ್ಟಿರುತ್ತೀರಿ. ಇಲಾಖೆಯ ನಕ್ಷೆಯಲ್ಲಿ ಅದೇ ಜಾಗ 70 ಮೀಟರ್ ಆಗಿರುತ್ತದೆ.

ಐಹೊಳೆಯಂಥ ಊರಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಒಂದು ಗುಡಿಯ 100 ಮೀಟರ್ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗಿರುತ್ತದೆ. ಹಾಗಾಗಿ ಹತ್ತಿರದ ಗುಡಿಯೊಂದನ್ನೇ ನೋಡಿದರೆ ಸಾಲದು. ನಿಮ್ಮ ಜಾಗದ ಸುತ್ತ ಇರುವ ಪ್ರತಿಯೊಂದು ಸಂರಕ್ಷಿತ ಸ್ಮಾರಕದಿಂದಲೂ ಅಳತೆ ಬೇಕು. ಕಲ್ಲು, ಸಿಮೆಂಟು ತರಿಸುವ ಮೊದಲೇ ಇಲಾಖೆಯ ಹತ್ತಿರ ಲಿಖಿತವಾಗಿ ದೂರ ಕೇಳಿ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ.

ಅಷ್ಟು ದೂರ ಯಾಕೆ? ನಮ್ಮ ಮನೆಯಿಂದ ಗುಡಿಗೆ ಏನಾಗುತ್ತೆ?

ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುವವರೇ ಜಾಸ್ತಿ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಕಾರಣ ಇದೆ.

ಮೊದಲನೆಯದು ನೀರು. ಗುಡಿಯ ಪಕ್ಕ ಮನೆಗಳು ಎದ್ದರೆ ಬಚ್ಚಲ ನೀರು, ಚರಂಡಿ ನೀರು ಹರಿಯುವುದು ತಗ್ಗಿಗೆ. ನಮ್ಮ ಕಡೆ ಎಷ್ಟೋ ಗುಡಿಗಳು ಈಗಿನ ಬೀದಿಗಿಂತ ತಗ್ಗಿನಲ್ಲಿವೆ, ಯಾಕೆಂದರೆ ನೂರಾರು ವರ್ಷ ಊರು ಅದರ ಸುತ್ತ ಮಣ್ಣು ಪೇರಿಸುತ್ತ ಬೆಳೆದಿದೆ. ಇಲ್ಲಿನ ಮರಳುಗಲ್ಲು ನೀರು ಹೀರುತ್ತದೆ. ನೀರಿನ ಜೊತೆ ಉಪ್ಪು ಮೇಲೇರುತ್ತದೆ. ನೀರು ಆರಿದಾಗ ಆ ಉಪ್ಪು ಕಲ್ಲಿನ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಬುಡದ ಪಟ್ಟಿಕೆಯಲ್ಲಿ ಮೂಗು, ಬೆರಳು ಮಾಸಿಹೋದ ಶಿಲ್ಪಗಳನ್ನು ನೋಡಿದ್ದೀರಲ್ವಾ? ಎಲ್ಲವನ್ನೂ ಯಾರೋ ಒಡೆದದ್ದಲ್ಲ.

ಎರಡನೆಯದು ನೆಲದ ಕೆಳಗಿರುವುದು. ಗುಡಿ ಒಂದೇ ಇರುವುದಿಲ್ಲ. ಅದರ ಸುತ್ತ ಹಳೇ ಪಾಯಗಳು, ಬಾವಿ, ಕಲ್ಯಾಣಿ, ಕಟ್ಟೆ, ಕೆಲವೊಮ್ಮೆ ಶಾಸನದ ಕಲ್ಲು ಇರುತ್ತವೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ. ಕ್ರಿ.ಶ. 634ರದು. ಎರಡನೇ ಪುಲಕೇಶಿಯ ವಿಷಯ ನಮಗೆ ಇಷ್ಟು ಗೊತ್ತಿರುವುದು ಮುಖ್ಯವಾಗಿ ಆ ಒಂದು ಶಾಸನದಿಂದ. ಅಂಥದ್ದೇ ಇನ್ನೊಂದು ಕಲ್ಲು ಯಾರದೋ ಹಿತ್ತಿಲಲ್ಲಿ ಮಲಗಿರಬಹುದು. ಜೆಸಿಬಿ ಬಕೆಟ್ಟು ಒಂದು ಸಲ ತಗುಲಿದರೆ ಅದು ಹೋಯಿತು.

ಮೂರನೆಯದು ಕಣ್ಣಿಗೆ ಕಾಣುವುದು. ಅದನ್ನು ವಿವರಿಸಬೇಕಾಗಿಲ್ಲ.

100 ಮೀಟರ್ ಒಳಗೆ ನಮ್ಮ ಹಳೇ ಮನೆ ಇದೆ. ರಿಪೇರಿ ಮಾಡಬಹುದಾ?

ಮಾಡಬಹುದು, ಅನುಮತಿ ಪಡೆದು. ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಒಪ್ಪಿಗೆ ಪಡೆದು ಕಟ್ಟಿದ್ದಾಗಿರಬೇಕು. ಅಂಥ ಮನೆಯ ರಿಪೇರಿ ಮತ್ತು ನವೀಕರಣಕ್ಕೆ ಅರ್ಜಿ ಹಾಕುವ ದಾರಿಯನ್ನು ಕಾಯ್ದೆಯೇ ಕೊಟ್ಟಿದೆ. ಜಂತಿ ಬದಲಿಸುವುದು, ಸೋರುವ ಮಾಳಿಗೆ ಸರಿಮಾಡುವುದು, ಬಿರುಕು ಬಿಟ್ಟ ಗೋಡೆ ಕಟ್ಟುವುದು, ನೆಲ ಹಾಕುವುದು, ಇವೆಲ್ಲ ಈ ಲೆಕ್ಕದಲ್ಲಿ ಬರುತ್ತವೆ.

ಮನೆ 1992ಕ್ಕಿಂತ ಹಳೇದು ಅಂತ ತೋರಿಸಬೇಕಾದವರು ನೀವು. ಹಳೇ ಮನೆ ಕಂದಾಯದ ರಸೀದಿ, ಪಂಚಾಯಿತಿ ಉತಾರ, ವಾಟ್ನಿ ಪತ್ರ (ಆಸ್ತಿ ಭಾಗ ಮಾಡಿಕೊಂಡ ಪತ್ರ), ಕರೆಂಟ್ ಬಿಲ್ಲು, ಹಳೇ ಮದುವೆಯ ಫೋಟೋದಲ್ಲಿ ಹಿಂದೆ ಕಾಣುವ ಗೋಡೆ, ಏನಿದ್ದರೂ ತೆಗೆದಿಡಿ. ನಮ್ಮ ಮನೆಗಳಲ್ಲಿ ಇಂಥ ಕಾಗದಗಳು ಜಂತಿಗೆ ಸಿಕ್ಕಿಸಿದ ಚೀಲದಲ್ಲಿ ಇರುತ್ತವೆ. ಮಳೆಗಾಲದಲ್ಲಿ ನೆನೆದು ಹಾಳಾಗುತ್ತವೆ. ಇವತ್ತೇ ಇಳಿಸಿ ಜೆರಾಕ್ಸ್ ಮಾಡಿಸಿ.

ಮನೆ ಮಳೆಗೆ ಬಿದ್ದೇ ಹೋದರೆ? ಅದೇ ಜಾಗದಲ್ಲಿ ಕಟ್ಟಲು ಬಿಡುತ್ತಾರಾ?

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಪ್ರತಿ ಸಲ ಸಂಕಟವಾಗುತ್ತದೆ. ಕಾಯ್ದೆ ಮೂರು ಪದಗಳನ್ನು ಬೇರೆ ಬೇರೆ ಮಾಡಿ ಇಟ್ಟಿದೆ: ಹೊಸ ನಿರ್ಮಾಣ, ಮರುನಿರ್ಮಾಣ, ರಿಪೇರಿ. ಮರುನಿರ್ಮಾಣ ಅಂದರೆ ಮೊದಲಿದ್ದಷ್ಟೇ ಅಗಲ, ಉದ್ದ, ಎತ್ತರಕ್ಕೆ ಮತ್ತೆ ಕಟ್ಟುವುದು. ನಿಯಂತ್ರಿತ ಪ್ರದೇಶದಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ನಿಷೇಧಿತ 100 ಮೀಟರ್ ಒಳಗೆ ಅರ್ಜಿಗೆ ಅವಕಾಶ ಇರುವುದು ರಿಪೇರಿ ಮತ್ತು ನವೀಕರಣಕ್ಕೆ ಮಾತ್ರ. ಪೂರ್ತಿ ಬಿದ್ದ ಮನೆಯನ್ನು ರಿಪೇರಿ ಅಂತ ತೋರಿಸುವುದು ಕಷ್ಟ.

ಮಲಪ್ರಭೆಗೆ 2009ರಲ್ಲಿ ಮಹಾಪೂರ ಬಂತು. 2019ರ ಆಗಸ್ಟಿನಲ್ಲಿ ಮತ್ತೆ ಬಂತು, ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ಕಲ್ಲು ಮಣ್ಣಿನ ಮನೆ ಒಂದು ವಾರ ನೆನೆದರೆ ಉಳಿಯುವುದಿಲ್ಲ. ನಮ್ಮ ಕಾಕಾನ ಮನೆಯ ಹಿಂದಿನ ಗೋಡೆ ಹೀಗೇ ಒಂದು ಮಳೆಗಾಲದಲ್ಲಿ ಕೂತಿತು. ಅವರು ಕಟ್ಟಲು ಹೋಗಲಿಲ್ಲ, ಕೇಳಲೂ ಹೋಗಲಿಲ್ಲ. ಕೇಳಿದರೆ ಇಲ್ಲ ಅಂತಾರೆ ಅನ್ನುವ ಭಯ. ಮುಂದಿನ ಮಳೆಗೆ ಪಡಸಾಲೆಯೂ ಹೋಯಿತು. ಒಂದು ಗೋಡೆ ಬಿದ್ದಾಗಲೇ ಅರ್ಜಿ ಹಾಕಿದ್ದರೆ ಅದು ರಿಪೇರಿ ಆಗುತ್ತಿತ್ತು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಮನೆ ನಿಂತಿರುವಾಗಲೇ ಕೇಳಿ. ಗೋಡೆ ಉಬ್ಬಿದ್ದು ಕಂಡ ದಿನವೇ ಫೋಟೋ ತೆಗೆಯಿರಿ, ಒಳಗಿಂದ, ಹೊರಗಿಂದ, ನಾಲ್ಕೂ ಕಡೆಯಿಂದ. ಮಳೆಯಿಂದ ಹಾನಿಯಾದರೆ ತಲಾಟಿಯಿಂದ (ಗ್ರಾಮ ಲೆಕ್ಕಿಗರಿಂದ) ಪಂಚನಾಮೆ ಮಾಡಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಮನೆಯ ಒಂದು ಭಾಗವಾದರೂ ನಿಂತಿದೆ ಅನ್ನುವುದಕ್ಕೆ ದಾಖಲೆ ಇರಲಿ.

ಈ ನಿಯಮ ಬಡವರ ಮೇಲೆ ಜಾಸ್ತಿ ಭಾರ ಹಾಕುತ್ತದೆ ಅನ್ನುವುದು ನನ್ನ ಅನಿಸಿಕೆ. ದುಡ್ಡಿದ್ದವರು ಬೇರೆ ಕಡೆ ಸೈಟು ಕೊಳ್ಳುತ್ತಾರೆ. ಇಲ್ಲದವರು ಬಿದ್ದ ಗೋಡೆಗೆ ತಗಡು ಕಟ್ಟಿ ಅಲ್ಲೇ ಇರುತ್ತಾರೆ. ಗುಡಿ ಉಳಿಸುವ ಖರ್ಚು ಇಡೀ ದೇಶದ್ದಾಗಬೇಕು, ಗುಡಿ ಪಕ್ಕದ ನಾಲ್ಕು ಮನೆಗಳದ್ದಲ್ಲ.

ಮಗನಿಗೆ ಮದುವೆ ಮಾಡಿದ್ದೇವೆ. ಮೇಲೊಂದು ಕೋಣೆ ಹಾಕಿಕೊಳ್ಳಬಹುದಾ?

100 ಮೀಟರ್ ಒಳಗೆ ಆಗುವುದಿಲ್ಲ. ಎತ್ತರ ಹೆಚ್ಚಾದರೂ ಅದು ಹೊಸ ನಿರ್ಮಾಣವೇ. ಇದ್ದ ಗೋಡೆಗಳ ಒಳಗೇ ಅಡ್ಡಗೋಡೆ ಹಾಕಿ ಭಾಗ ಮಾಡಿಕೊಳ್ಳುವುದಾದರೆ ನವೀಕರಣ ಅಂತ ಅರ್ಜಿ ಹಾಕಿ.

ಪಾಯಖಾನೆ ಕಟ್ಟಿಸಲೂ ಬಿಡಲ್ಲ ಅಂದರೆ ಹೆಂಗೆ?

ನ್ಯಾಯವಾದ ಪ್ರಶ್ನೆ. ಸಾರ್ವಜನಿಕ ಶೌಚಾಲಯ, ಚರಂಡಿ, ಊರಿಗೆ ನೀರು ಕೊಡುವ ಕೆಲಸ ಇವನ್ನು ಕಾಯ್ದೆ ‘ನಿರ್ಮಾಣ’ದ ಅರ್ಥದಿಂದಲೇ ಹೊರಗಿಟ್ಟಿದೆ. ಚರಂಡಿ ಮಾಡಿಸಲು ಪುರಾತತ್ವ ಇಲಾಖೆ ಬಿಡಲ್ಲ ಅಂತ ಯಾರಾದರೂ ಹೇಳಿದರೆ ಈ ಮಾತನ್ನು ಎತ್ತಿ ತೋರಿಸಿ. ಆದರೆ ಹಿತ್ತಿಲಲ್ಲಿ ಸ್ವಂತಕ್ಕೆ ಕಟ್ಟುವ ಹೊಸ ಕೋಣೆ ಈ ವಿನಾಯಿತಿಯಲ್ಲಿ ಬರುವುದಿಲ್ಲ. ಹಳೇ ಮನೆಯ ಗೋಡೆಗಳ ಒಳಗೆ, ಬಚ್ಚಲಿನ ಪಕ್ಕದಲ್ಲೋ ಕೊಟ್ಟಿಗೆಯ ಒಂದು ಮೂಲೆಯಲ್ಲೋ ಮಾಡಿಕೊಳ್ಳುವುದಾದರೆ ನವೀಕರಣದ ಅರ್ಜಿಯಲ್ಲಿ ಸೇರಿಸಬಹುದು. ಗುಂಡಿ ಎಲ್ಲಿ ತೋಡುತ್ತೀರಿ, ನೀರು ಯಾವ ಕಡೆ ಹೋಗುತ್ತದೆ ಅಂತ ನಕ್ಷೆಯಲ್ಲಿ ಸ್ಪಷ್ಟವಾಗಿ ತೋರಿಸಿ.

ಪಂಚಾಯಿತಿ ಲೈಸೆನ್ಸ್ ಕೊಟ್ಟಿದೆ, ಇ-ಸ್ವತ್ತು ಆಗಿದೆ. ಇನ್ನೇನು ಬೇಕು?

ಪಂಚಾಯಿತಿ ಲೈಸೆನ್ಸ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಇ-ಸ್ವತ್ತಿನ ಫಾರಂ 9, ಫಾರಂ 11 ಜಾಗ ನಿಮ್ಮ ಹೆಸರಲ್ಲಿದೆ ಅಂತ ಹೇಳುತ್ತವೆ, ಅಲ್ಲಿ ಕಟ್ಟಬಹುದು ಅಂತ ಹೇಳುವುದಿಲ್ಲ. 300 ಮೀಟರ್ ಒಳಗಿದ್ದರೆ ಸ್ಮಾರಕ ಕಾಯ್ದೆಯ ಅನುಮತಿ ಬೇರೆಯೇ ಬೇಕು. ಕರ್ನಾಟಕದಲ್ಲಿ ಎಷ್ಟೋ ಜನ ಸಿಕ್ಕಿಕೊಂಡಿರುವುದು ಹೀಗೇ. ಲೈಸೆನ್ಸ್ ಇತ್ತು, ಸಾಲ ಆಗಿತ್ತು, ಪಾಯ ಎದ್ದಿತ್ತು. ಆಮೇಲೆ ನೋಟಿಸ್ ಬಂತು.

ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಮಂಜೂರಾದರೂ ಇದೇ ಮಾತು. ಮಂಜೂರಾತಿ ಪತ್ರ ಇದ್ದ ಮಾತ್ರಕ್ಕೆ 100 ಮೀಟರ್ ನಿಯಮ ಸಡಿಲವಾಗುವುದಿಲ್ಲ. ಆಯ್ಕೆ ಪಟ್ಟಿ ಮಾಡುವ ಗ್ರಾಮಸಭೆಯಲ್ಲೇ ಎದ್ದು ನಿಂತು ಕೇಳಿ: ಈ ಜಾಗ ಎಷ್ಟು ಮೀಟರ್‌ನಲ್ಲಿದೆ?

ಪಂಚಾಯಿತಿಯವರೇ ಗುಡಿ ಪಕ್ಕ ಸಮುದಾಯ ಭವನ ಕಟ್ಟಿದರೆ ನಡೆಯುತ್ತಾ?

ನಡೆಯಲ್ಲ. 2010ರ ತಿದ್ದುಪಡಿಯ ನಂತರ ನಿಷೇಧಿತ ಪ್ರದೇಶದಲ್ಲಿ ಸಾರ್ವಜನಿಕ ಕಾಮಗಾರಿಗೂ ಹೊಸ ಕಟ್ಟಡದ ಅನುಮತಿ ಇಲ್ಲ.

ಅರ್ಜಿ ಎಲ್ಲಿಗೆ ಹಾಕಬೇಕು? ಎಷ್ಟು ದಿನ ಹಿಡಿಯುತ್ತೆ?

ಅರ್ಜಿ ಹಾಕುವುದು ‘ಸಕ್ಷಮ ಪ್ರಾಧಿಕಾರ’ಕ್ಕೆ, ಅಂದರೆ ಈ ಅನುಮತಿ ಕೊಡಲು ಕೇಂದ್ರ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ತೀರ್ಮಾನಕ್ಕೆ ಶಿಫಾರಸು ಮಾಡುವುದು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ. ಈಗ ಆನ್‌ಲೈನ್‌ನಲ್ಲೂ ಹಾಕಬಹುದು. ಬಾಗಲಕೋಟೆ ಜಿಲ್ಲೆ ಎಎಸ್‌ಐನ ಧಾರವಾಡ ವಲಯಕ್ಕೆ ಸೇರುತ್ತದೆ. ಹಂಪಿಗೆ 2020ರಿಂದ ಬೇರೆಯದೇ ವಲಯ ಇದೆ. ನಿಮ್ಮ ಗುಡಿ ನೋಡಿಕೊಳ್ಳುವ ಇಲಾಖೆಯ ಸಿಬ್ಬಂದಿಯನ್ನು ಮೊದಲು ಮಾತಾಡಿಸಿ, ಯಾವ ಕಾಗದ ಬೇಕು ಅಂತ ಬರೆದುಕೊಳ್ಳಿ.

ಕಾಯ್ದೆಯ ಪ್ರಕಾರ ಸಕ್ಷಮ ಪ್ರಾಧಿಕಾರ 15 ದಿನದಲ್ಲಿ ಅರ್ಜಿಯನ್ನು ಮುಂದಕ್ಕೆ ಕಳಿಸಬೇಕು. ರಾಷ್ಟ್ರೀಯ ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಆಮೇಲೆ ಒಂದು ತಿಂಗಳಲ್ಲಿ ಅನುಮತಿ ಕೊಡಬೇಕು ಅಥವಾ ಇಲ್ಲ ಅನ್ನಬೇಕು. ಇಲ್ಲ ಅನ್ನುವ ಮೊದಲು ನಿಮ್ಮ ಮಾತು ಹೇಳಲು ಅವಕಾಶ ಕೊಡಬೇಕು, ಆದೇಶ ಬರವಣಿಗೆಯಲ್ಲಿರಬೇಕು. ಯುಗಾದಿ ಮುಗಿಸಿ ಮನೆ ಕೆಲಸ ಹಿಡಿಯುವ ಯೋಚನೆ ಇದ್ದರೆ ದೀಪಾವಳಿ ಹೊತ್ತಿಗೆ ಅರ್ಜಿ ಹೋಗಿರಲಿ. ಅರ್ಜಿಯ ಸಂಖ್ಯೆ, ತಾರೀಖು ಬರೆದಿಟ್ಟುಕೊಳ್ಳಿ.

ನಕ್ಷೆಯಲ್ಲಿ ಒಂದು ಅಳತೆ, ಕಟ್ಟುವಾಗ ಇನ್ನೊಂದು ಅಳತೆ ಮಾಡಬೇಡಿ. ಕೊಟ್ಟ ಅನುಮತಿಯನ್ನು ವಾಪಸ್ ಪಡೆಯುವ ಅಧಿಕಾರವೂ ಅವರಿಗಿದೆ.

100 ಮೀಟರ್ ದಾಟಿ ಇದ್ದೇವೆ. ನಮಗೆ ಏನೇನು ಷರತ್ತು?

ಹೊಸ ಮನೆ ಕಟ್ಟಬಹುದು, ಅನುಮತಿ ಬೇಕು. ಎತ್ತರ ಮುಖ್ಯವಾಗಿ ನೋಡುತ್ತಾರೆ. ಒಂದೊಂದು ಸ್ಮಾರಕಕ್ಕೆ ಬೇರೆ ಬೇರೆ ಪಾರಂಪರಿಕ ಬೈಲಾ ಮಾಡಬೇಕು ಅಂತ ಕಾಯ್ದೆಯಲ್ಲಿದೆ. ಕಟ್ಟಡದ ಎತ್ತರ, ಮುಂಭಾಗದ ರೂಪ, ಚರಂಡಿ, ರಸ್ತೆ, ಕರೆಂಟ್ ಕಂಬ, ನೀರಿನ ಪೈಪು ಎಲ್ಲ ಅದರಲ್ಲಿ ಬರಬೇಕು. ಕರಡು ಬೈಲಾ ಹೊರಟಾಗ ಜನರ ಅಭಿಪ್ರಾಯ ಕೇಳುತ್ತಾರೆ. ಆಗ ಊರಿನವರು ಬರೆದು ಕಳಿಸಬೇಕು. ಆ ಹೊತ್ತಲ್ಲಿ ಸುಮ್ನೆ ಕೂತರೆ ನಮ್ಮ ಕಷ್ಟ ಕಾಗದದಲ್ಲಿ ಬರುವುದೇ ಇಲ್ಲ.

ಹಳೇ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿದರೆ ಗಟ್ಟಿ ಅಲ್ವಾ?

ಕೆಡವಿದರೆ ಕಾನೂನಿನ ತೊಂದರೆ ಏನು ಅಂತ ಮೇಲೆ ಹೇಳಿದೆ. ಗಟ್ಟಿತನದ ಮಾತು ಬೇರೆ. ನಮ್ಮ ಸೀಮೆಯ ಮನೆಗಳು ದಪ್ಪ ಕಲ್ಲಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಮಧ್ಯಾಹ್ನ ಅದರೊಳಗೆ ಕೂತವರಿಗೆ ಅದರ ಬೆಲೆ ಗೊತ್ತು. ಬೆಳಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಅವ್ವ ಕಾಳು ಹಸನು ಮಾಡುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈ ಮನೆಗಳು ಬೀಳುವುದು ಹಳೇದಾದ್ದರಿಂದ ಅಲ್ಲ, ವರ್ಷ ವರ್ಷ ಮಾಳಿಗೆಗೆ ಸವಳು ಮಣ್ಣು ಹಾಕುವುದನ್ನು ಬಿಟ್ಟಿದ್ದರಿಂದ.

ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯಬೇಡಿ. ಒಳಗಿನ ತೇವ ಹೊರಗೆ ಬರಲು ದಾರಿ ಸಿಗುವುದಿಲ್ಲ, ಗೋಡೆ ಒಳಗೊಳಗೇ ಕರಗುತ್ತದೆ. ಸುಣ್ಣದ ಗಾರೆ ಹಾಕಿಸಿ, ಅದು ಉಸಿರಾಡುತ್ತದೆ. ಈ ಮನೆಗಳಿಗೆ ನೀಲಿ ಬೋರ್ಡ್ ಇಲ್ಲ. ಆದರೆ ಗುಡಿ ಕಟ್ಟಿದ ಅದೇ ಬೆಟ್ಟದ ಕಲ್ಲು ಈ ಮನೆಗಳಲ್ಲೂ ಇದೆ. ಇವೂ ಊರಿನ ಚರಿತ್ರೆಯೇ.

ಪಾಯ ತೋಡುವಾಗ ವಿಗ್ರಹವೋ ನಾಣ್ಯವೋ ಸಿಕ್ಕರೆ?

ಕೆಲಸ ನಿಲ್ಲಿಸಿ. ಸಿಕ್ಕದ್ದನ್ನು ಎತ್ತಬೇಡಿ, ತೊಳೆಯಬೇಡಿ, ಕುಂಕುಮ ಹಚ್ಚಬೇಡಿ. ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ತಿಳಿಸಿ. ಕರ್ನಾಟಕದಲ್ಲಿ ನಿಧಿಗೆ ಸಂಬಂಧಿಸಿ 1962ರ ಕಾಯ್ದೆಯೇ ಇದೆ. ಮುಚ್ಚಿಟ್ಟರೆ ಅಪರಾಧ. ಬರವಣಿಗೆ ಇರುವ ಕಲ್ಲು ಸಿಕ್ಕರೆ ಅದನ್ನು ಬಟ್ಟೆ ಒಗೆಯಲು ಹಾಕಿಕೊಳ್ಳಬೇಡಿ, ದಯವಿಟ್ಟು.

ಹಂಪಿ, ಆನೆಗೊಂದಿ ಕಡೆಯವರಿಗೂ ಇದೇ ನಿಯಮವಾ?

ಇದರ ಜೊತೆಗೆ ಇನ್ನೊಂದು ಪದರ ಇದೆ. ಹಂಪಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸೇತುವೆಗಳ ವಿವಾದದಿಂದ 1999ರಲ್ಲಿ ‘ಅಪಾಯದಲ್ಲಿರುವ’ ಪಟ್ಟಿಗೂ ಹೋಗಿ, 2006ರಲ್ಲಿ ಹೊರಗೆ ಬಂತು. ಅಲ್ಲಿಗೆ ಪ್ರತ್ಯೇಕ ಪ್ರಾಧಿಕಾರ ಇದೆ, ಸುತ್ತಲ ಹಳ್ಳಿಗಳೂ ಅದರ ವ್ಯಾಪ್ತಿಯಲ್ಲಿವೆ. ಹಾಗಾಗಿ ಅಲ್ಲಿ ನಿಮ್ಮ ಮನೆ ಸ್ಮಾರಕದಿಂದ 300 ಮೀಟರ್ ಆಚೆ ಇದ್ದರೂ ಆ ಪ್ರಾಧಿಕಾರದ ಒಪ್ಪಿಗೆ ಬೇಕಾಗಬಹುದು. ತುಂಗಭದ್ರೆ ನಡುವಿನ ವಿರೂಪಾಪುರಗಡ್ಡೆಯಲ್ಲಿದ್ದ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಿದರು.

ಊರನ್ನೇ ಎಬ್ಬಿಸುತ್ತಾರಂತೆ. ನಿಜನಾ?

ಐಹೊಳೆಯಲ್ಲಿ ಈ ಮಾತು ದಶಕಗಳಿಂದ ಇದೆ. ಹಾಗಾಗಿ ಜನ ಮನೆಗೆ ಸುಣ್ಣ ಬಳಿಯಲೂ ಹಿಂದೆಮುಂದೆ ನೋಡುತ್ತಾರೆ. ನಾಳೆ ಬಿಡಬೇಕಾದ ಮನೆಗೆ ಇವತ್ತು ದುಡ್ಡು ಹಾಕುವುದು ಯಾಕೆ ಅಂತ. ಅಡಕತ್ತರಿಯಲ್ಲಿ ಸಿಕ್ಕ ಬದುಕು ಅದು. ಒಂದು ಮಾತು ಸ್ಪಷ್ಟ ಇರಲಿ: 100 ಮೀಟರ್ ನಿಯಮ ಯಾರನ್ನೂ ಮನೆಯಿಂದ ಎಬ್ಬಿಸುವುದಿಲ್ಲ. ಜಾಗ ಬೇಕಾದರೆ ಸರ್ಕಾರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನಡೆಯಬೇಕು. 2013ರ ಆ ಕಾಯ್ದೆಯಲ್ಲಿ ಪರಿಹಾರದ ಜೊತೆ ಪುನರ್ವಸತಿಯೂ ಇದೆ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ್ದನ್ನು ನೋಡಿದವರಿಗೆ ಭಯ ಹೋಗುವುದಿಲ್ಲ, ಅದು ಸಹಜ. ಅದಕ್ಕೇ ಮನೆಯ ಕಾಗದಗಳು ಸರಿಯಿರಲಿ ಅಂತ ಮತ್ತೆ ಮತ್ತೆ ಹೇಳುವುದು. ಪರಿಹಾರಕ್ಕೂ ಅವೇ ಆಧಾರ.

ಕೇಳದೆ ಕಟ್ಟಿದರೆ ಏನಾಗುತ್ತೆ?

ನೋಟಿಸ್ ಬರುತ್ತದೆ, ಕೆಲಸ ನಿಲ್ಲುತ್ತದೆ, ಕೇಸು ಆಗುತ್ತದೆ. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಟ್ಟಿದ್ದನ್ನು ಕೆಡವಲೂಬಹುದು.

ಜಾಗ ಮಾರಬಹುದಾ?

ಮಾರಬಹುದು. ಜಾಗದ ಒಡೆತನ ನಿಮ್ಮದೇ. ಆದರೆ ಕೊಳ್ಳುವವರಿಗೆ ಇದು ಎಷ್ಟು ಮೀಟರ್‌ನಲ್ಲಿದೆ ಅಂತ ಮುಚ್ಚಿಡದೆ ಹೇಳಿ. ಕೊಳ್ಳುವವರೂ ಅಷ್ಟೇ, ಅಗ್ಗಕ್ಕೆ ಸಿಕ್ಕಿತು ಅಂತ ಸಂಚಕಾರ ಕೊಡುವ ಮೊದಲು ವಿಚಾರಿಸಿ.

ಗುಡಿ ಅಂಗಳದಲ್ಲಿ ಬಣವೆ ಒಟ್ಟುವುದು, ದನ ಕಟ್ಟುವುದು, ಜಾತ್ರೆ ಮಾಡುವುದು?

ಸಂರಕ್ಷಿತ ಗಡಿಯೊಳಗೆ ದನ ಕಟ್ಟುವಂತಿಲ್ಲ, ಗಾಡಿ ಒಯ್ಯುವಂತಿಲ್ಲ, ಬೇಕಾದ ಕಡೆ ಒಲೆ ಹೂಡುವಂತಿಲ್ಲ. ಬಣವೆಯೂ ಬೇಡ. ಬೆಂಕಿ ಬಿದ್ದರೆ ಕಲ್ಲು ಸೀಳುತ್ತದೆ. ಮೊದಲಿಂದ ನಡೆದು ಬಂದ ಪೂಜೆ, ಜಾತ್ರೆಗೆ ಅಡ್ಡಿಯಿಲ್ಲ. ಐಹೊಳೆಯಲ್ಲಿ ಮಲಪ್ರಭೆ ದಡದ ರಾಮಲಿಂಗ ಗುಡಿಯಲ್ಲಿ ಇವತ್ತಿಗೂ ಪೂಜೆ ಇದೆ, ತೇರು ಎಳೆಯುತ್ತಾರೆ. ಹೊಸದಾಗಿ ಪೆಂಡಾಲು, ಮೈಕು, ಲೈಟಿನ ಕಂಬ ಹಾಕುವುದಾದರೆ ಮುಂಚೆ ಕೇಳಿ. ತೇರಿನ ದಿನ ಹಗ್ಗ ಕಟ್ಟಲು ಗುಡಿಯ ಕಂಬ ಹುಡುಕಬೇಡಿ, ಒಂದು ಗೂಟ ಹುಗಿದುಕೊಳ್ಳಿ, ಅದೂ ಗಡಿಯ ಹೊರಗೆ.